ನಿರ್ಬಂಧದ ಲೆಕ್ಕ, ವಿನಾಯಿತಿಯ ಲೆಕ್ಕ

‘ನಿರ್ಬಂಧ ಹೇರಿದ್ದರಿಂದಲೇ ನಾವು ಬೆಳೆದೆವು’ ಎಂಬ ಮಾತು ಈಗ ಭಾಷಣಗಳಲ್ಲಿ ರೂಢಿಯಾಗಿದೆ. ಮಹಾರಾಷ್ಟ್ರದ ಗಡಿಯಲ್ಲಿರುವ ಜತ್ತ ತಾಲ್ಲೂಕಿನಿಂದ ಬೆಂಗಳೂರಿಗೆ ಬಂದು, ಉಪಗ್ರಹದ ಬಿಡಿಭಾಗ ತರಿಸುವ ಕೆಲಸದಲ್ಲೇ ತಲೆ ನರೆತ ನಾನು ಇದನ್ನು ಒಪ್ಪಲಾರೆ.

ಆರಂಭದಲ್ಲಿ ಬಾಗಿಲುಗಳು ತೆರೆದಿದ್ದವು. 1975ರಲ್ಲಿ ಪೀಣ್ಯದ ಶೆಡ್ಡುಗಳಲ್ಲಿ ಸಿದ್ಧವಾದ ಆರ್ಯಭಟವನ್ನು ಸೋವಿಯತ್ ರಾಕೆಟ್ ಹೊತ್ತೊಯ್ದಿತು. ಅದೇ ವರ್ಷ ಅಮೆರಿಕದ ಎಟಿಎಸ್-6 ಉಪಗ್ರಹದಿಂದ ಬಿಜಾಪುರ ಜಿಲ್ಲೆಯ ಹಳ್ಳಿಗಳಿಗೆ ಟಿವಿ ಬಂತು. ಆರು ರಾಜ್ಯಗಳ ಆ ಪ್ರಯೋಗದಲ್ಲಿ ಮಹಾರಾಷ್ಟ್ರ ಇರಲಿಲ್ಲ. ಹಾಗಾಗಿ ಗಡಿಯ ಆಚೆಗಿದ್ದ ನಮ್ಮ ಜತ್ತ ತಾಲ್ಲೂಕಿನ ಉಮದಿ, ಸಂಖದ ಕನ್ನಡ ಮನೆಗಳಿಗೆ ಅದು ದಕ್ಕಲಿಲ್ಲ.

1987ರಲ್ಲಿ ಏಳು ಶ್ರೀಮಂತ ದೇಶಗಳು ಕ್ಷಿಪಣಿ ತಂತ್ರಜ್ಞಾನ ನಿಯಂತ್ರಣ ಕೂಟ ಕಟ್ಟಿದವು. ರಷ್ಯಾದಿಂದ ಕ್ರಯೋಜೆನಿಕ್ ಎಂಜಿನ್ ಪಡೆಯುವ ಒಪ್ಪಂದ ಅದರ ಕಣ್ಣಿಗೆ ಬಿತ್ತು. ಆ ಎಂಜಿನ್ ಕ್ಷಿಪಣಿಗೂ ಬಳಕೆಯಾದೀತೆಂದು 1992ರ ಮೇನಲ್ಲಿ ಅಮೆರಿಕ ಇಸ್ರೊ ಮತ್ತು ರಷ್ಯಾದ ಗ್ಲಾವ್‌ಕಾಸ್ಮಾಸ್ ಎರಡರ ಮೇಲೂ ನಿರ್ಬಂಧ ಹೇರಿತು. ಮೈನಸ್ 253 ಡಿಗ್ರಿಯ ದ್ರವ ಹೈಡ್ರೋಜನ್ ತುಂಬಿಸಿಟ್ಟು ತಿಂಗಳುಗಟ್ಟಲೆ ಕಾಯುವ ಕ್ಷಿಪಣಿ ಇರಲಾರದು. ಆದರೂ ನಮ್ಮ ಈ ವಾದ ಗೆಲ್ಲಲಿಲ್ಲ. ರಷ್ಯಾ ತಂತ್ರಜ್ಞಾನ ಕೊಡದೆ ಏಳು ಎಂಜಿನ್ ಮಾತ್ರ ಕೊಟ್ಟಿತು. ನಮ್ಮದೇ ಎಂಜಿನ್ ಹೊತ್ತ ಜಿಎಸ್‌ಎಲ್‌ವಿ ರಾಕೆಟ್ ಗೆದ್ದದ್ದು 2014ರ ಜನವರಿ 5ರಂದು. ಅಲ್ಲಿಯವರೆಗೂ, ಆಮೇಲೂ ಭಾರದ ಸಂಪರ್ಕ ಉಪಗ್ರಹಗಳಿಗೆ ವಿದೇಶಿ ರಾಕೆಟ್ಟಿನ ಬಾಡಿಗೆ ತೆತ್ತೆವು. ಎರಡು ದಶಕದ ಈ ವಿಳಂಬವನ್ನು ಲಾಭದ ಕಡೆಗೆ ಬರೆಯುವುದು ತಪ್ಪು.

ನಮ್ಮ ತಲೆಮಾರಿನ ಪಾಡು ಬೇರೆ. ಪೋಖ್ರಾನ್ ಪರೀಕ್ಷೆಯ ನಂತರ, 1998ರ ನವೆಂಬರಿನಲ್ಲಿ ಇಸ್ರೊ ಅಮೆರಿಕದ ನಿರ್ಬಂಧಿತ ಸಂಸ್ಥೆಗಳ ಪಟ್ಟಿ ಸೇರಿತು. 1999ರಲ್ಲಿ ಅಲ್ಲಿನ ಕಾನೂನು ಉಪಗ್ರಹವನ್ನೇ ಶಸ್ತ್ರಾಸ್ತ್ರದ ಸಾಲಿಗೆ ತಂದಿತು. ಅಮೆರಿಕದ ಒಂದು ಬಿಡಿಭಾಗ ಒಳಗಿದ್ದರೂ ಬೇರೆ ದೇಶದ ಉಪಗ್ರಹವನ್ನು ಶ್ರೀಹರಿಕೋಟೆಗೆ ತರಲು ಅವರ ಪರವಾನಗಿ ಬೇಕಾಯಿತು. ಹಣ ಕಟ್ಟಿ ಕಾಯುತ್ತಿದ್ದ ನಮಗೆ ಒಬ್ಬ ಸರಬರಾಜುದಾರರಿಂದ ಬಂದದ್ದು ‘ಪರವಾನಗಿ ಸಿಕ್ಕಿಲ್ಲ’ ಎಂಬ ಒಂದು ಸಾಲು. ಆ ಭಾಗವನ್ನು ಮತ್ತೆ ವಿನ್ಯಾಸ ಮಾಡಿ, ಕಂಪನ ಮತ್ತು ಶಾಖದ ಪರೀಕ್ಷೆಗಳನ್ನು ಮೊದಲಿನಿಂದ ಮಾಡಿದೆವು.

ಬಿಗಿ ಸಡಿಲವಾದದ್ದು ನಿಧಾನವಾಗಿ. 2004ರಲ್ಲಿ ಇಸ್ರೊ ಪ್ರಧಾನ ಕಚೇರಿ ಪಟ್ಟಿಯಿಂದ ಹೊರಬಂತು. ಉಳಿದ ಘಟಕಗಳು 2011ರ ಜನವರಿಯಲ್ಲಿ. ಅಮೆರಿಕದ ಬಿಡಿಭಾಗವಿದ್ದ ಉಪಗ್ರಹಗಳನ್ನು ಇಲ್ಲಿಂದ ಹಾರಿಸಲು 2009ರ ತಂತ್ರಜ್ಞಾನ ರಕ್ಷಣಾ ಒಪ್ಪಂದ ದಾರಿ ತೆರೆಯಿತು. ಆದರೂ ಅಮೆರಿಕನ್ ವಾಣಿಜ್ಯ ಉಪಗ್ರಹಗಳಿಗೆ ಒಂದೊಂದಾಗಿ ವಿನಾಯಿತಿ ಪಡೆಯಬೇಕಿತ್ತು. ಹಾಗೆ ವಿನಾಯಿತಿ ಪಡೆದ ನಾಲ್ಕು ಲೆಮೂರ್ ಉಪಗ್ರಹಗಳು 2015ರ ಸೆಪ್ಟೆಂಬರ್ 28ರಂದು ಪಿಎಸ್‌ಎಲ್‌ವಿ ಏರಿದವು. 2016ರ ಜೂನ್‌ನಲ್ಲಿ ಭಾರತ ಆ ಕ್ಷಿಪಣಿ ತಂತ್ರಜ್ಞಾನ ನಿಯಂತ್ರಣ ಕೂಟದ ಸದಸ್ಯನೇ ಆಯಿತು.

ಎಂಜಿನ್ನಿನ ಕಥೆ ಎಲ್ಲರಿಗೂ ಗೊತ್ತು. ಪರವಾನಗಿಗೆ ಕಾಗದ ಹೊತ್ತು ಅಲೆದ ಗುಮಾಸ್ತರು, ಬದಲಿ ಭಾಗ ಕಡೆದುಕೊಟ್ಟ ಪೀಣ್ಯದ ಲೇತ್ ಕೆಲಸಗಾರರು ಆ ಕಥೆಯಲ್ಲಿ ಕಾಣುವುದಿಲ್ಲ. ಅಂತರ್ಜಲದ ನೆಲೆ ಗುರುತಿಸಲು ಉಪಗ್ರಹ ಚಿತ್ರ ಬೇಕಾದ ಜತ್ತದಂಥ ಬರದ ನೆಲಕ್ಕೆ ವಿಳಂಬದ ಬೆಲೆ ತಿಳಿದಿದೆ. ಈ ಕೆಲಸದಲ್ಲಿ ದುಡಿದು ನಿವೃತ್ತರಾದವರೇ, ನೀವು ಕಂಡದ್ದನ್ನು ಕನ್ನಡದಲ್ಲಿ ಬರೆದಿಡಿ; ನಾವು ಹೋದ ಮೇಲೆ ಬರೆಯುವವರಿರುವುದಿಲ್ಲ.