ಕಪ್ಪಲ್ಲದ 'ಬ್ಲ್ಯಾಕ್ ಫಂಗಸ್' (ಭಾಗ 3)

2021ರ ಬ್ಯಾಸಗಿ ನೆನಪೈತೇನ್ರಿ? ನಮ್ಮ ಬ್ಯಾಚಿನ ಎಸ್ಸೆಸ್ಸೆಲ್ಸಿ ಪರೀಕ್ಷೆ ಮುಂದಕ್ಕ ಹೋಗಿ, ಜುಲೈದಾಗ ಎರಡೇ ದಿನದಾಗ ಮುಗೀತಲ್ಲ, ಅದೇ ವರ್ಷ. ಕೆಂಭಾವಿಯಾಗ ಟಿವಿ ಹಚ್ಚಿದ್ರ ಒಂದೇ ಸುದ್ದಿ: ಕೊರೊನಾ ಗೆದ್ದು ಮನಿಗೆ ಬಂದವರ ಕಣ್ಣು ಹೋಗಾಕತ್ತಾವ.

ಇದೇನು ಹೊಸ ರೋಗ ಅಲ್ಲ. 1885ರಲ್ಲೇ ಪಾಲ್ಟಾಫ್ ಅನ್ನೋ ವೈದ್ಯ ದಾಖಲಿಸಿದ್ದ. ಹೆಸರು ಮ್ಯೂಕರ್‌ಮೈಕೋಸಿಸ್. ಹಳಸಿದ ಬ್ರೆಡ್ ಮ್ಯಾಲ ಏಳೋ ಬೂಷ್ಟಿನ ಜಾತಿ. ಮಣ್ಣಾಗ, ತಿಪ್ಯಾಗ ಇರ್ತದ. ದಿನಾ ನಮ್ಮ ಮೂಗಿಗೂ ಬರ್ತದ, ಗಟ್ಟಿ ಮೈಯವರಿಗೆ ಏನೂ ಮಾಡಲ್ಲ. ಅದು ಕಪ್ಪೂ ಅಲ್ಲ! ರಕ್ತನಾಳದೊಳಗ ಬೆಳೆದು ರಕ್ತ ತಡೀತದ, ಸತ್ತ ಮಾಂಸ ಕಪ್ಪಾಗ್ತದ.

ಹಂಗಾದ್ರ 2021ರಾಗೇ ಯಾಕ ಅಷ್ಟು ಜನಕ್ಕ? ದೊಡ್ಡ ಕಾರಣ ಹತೋಟಿ ತಪ್ಪಿದ ಶುಗರ್, ಅದರ ಮ್ಯಾಲ ಸ್ಟೀರಾಯ್ಡ್. ಡೆಕ್ಸಾಮೆಥಾಸೋನ್ ಆಕ್ಸಿಜನ್ ಬೇಕಾದವರ ಜೀವ ಉಳಿಸ್ತದ ಅಂತ 2020ರ ಜೂನ್‌ನಲ್ಲಿ ಬ್ರಿಟನ್ನಿನ 'ರಿಕವರಿ' ಪ್ರಯೋಗ ತೋರಿಸ್ತು. ಆಕ್ಸಿಜನ್ ಬೇಡಾದವರಿಗೆ ಲಾಭ ಕಾಣಲಿಲ್ಲ ಅಂತನೂ ಅದೇ ಪ್ರಯೋಗ ಹೇಳಿತ್ತು. ಆ ಎರಡನೇ ಮಾತು ಎಲ್ಲರಿಗೂ ಮುಟ್ಟಲಿಲ್ಲ.

ಔಷಧ ಆಂಫೋಟೆರಿಸಿನ್-ಬಿ. 1950ರ ದಶಕದಲ್ಲಿ ವೆನೆಜುವೆಲಾದ ಮಣ್ಣಿನ ಸೂಕ್ಷ್ಮಜೀವಿಯಿಂದ ಸಿಕ್ಕಿದ್ದು. ಬಿಕಾಂನವರೇ, ಲೆಕ್ಕ ಹಾಕ್ರಿ: ಅದರ ಲೈಪೋಸೋಮಲ್ ಇಂಜೆಕ್ಷನ್ ಕೆಜಿಗೆ ದಿನಕ್ಕ 5 ಮಿ.ಗ್ರಾಂ. 60 ಕೆಜಿ ರೋಗಿಗೆ 300 ಮಿ.ಗ್ರಾಂ, ಅಂದ್ರ 50 ಮಿ.ಗ್ರಾಂನ 6 ವಯಲ್. ದಿನಾ, ವಾರಗಟ್ಟಲೆ! ಅಪರೂಪದ ರೋಗ ಅಂತ ತಯಾರಿಕೆ ಕಡಿಮಿ ಇತ್ತು, ಬೇಡಿಕೆ ಒಮ್ಮೆಲೇ ಏರ್ತು. ಕೇಂದ್ರ ಸರ್ಕಾರ ವಯಲ್ ಎಣಿಸಿ ರಾಜ್ಯಗಳಿಗೆ ಹಂಚಿತು. ಪ್ರತಿ ಕೇಸನ್ನೂ ಕಡ್ಡಾಯವಾಗಿ ವರದಿ ಮಾಡ್ರಿ ಅಂತ ಮೇ 20ರ ಹೊತ್ತಿಗೆ ರಾಜ್ಯಗಳಿಗೆ ಸೂಚನೆ ಬಂತು. ಬೆಂಗಳೂರಿನ ಬೌರಿಂಗ್, ಹುಬ್ಬಳ್ಳಿ ಕಿಮ್ಸ್‌ನಂಥ ಸರ್ಕಾರಿ ಆಸ್ಪತ್ರೆಗಳು ಈ ರೋಗಿಗಳನ್ನ ನೋಡಿಕೊಂಡವು. ಇಂಜೆಕ್ಷನ್ ಒಂದೇ ಸಾಲದು, ಸತ್ತ ಮಾಂಸ ಆಪರೇಷನ್ ಮಾಡಿ ತೆಗೀಬೇಕು. ತಡ ಆದ್ರ ಕೆಲವರಿಗೆ ಕಣ್ಣನ್ನೇ ತೆಗೀಬೇಕಾಗ್ತದ.

ಕೊರೊನಾ ಹಿಂದ ಸರೀತು, ಶುಗರ್ ನಮ್ಮ ಮನ್ಯಾಗೇ ಐತಿ. ಶುಗರ್ ಇದ್ದ ಅಜ್ಜ-ಅಮ್ಮ, ಕಿಡ್ನಿ ಬದಲಿಸಿದವರು, ಕ್ಯಾನ್ಸರ್ ಚಿಕಿತ್ಸೆ ನಡೆದವರಿಗೆ ಮಾರಿ ಒಂದೇ ಕಡಿ ಬಾತ್ರ, ಜೋಮು ಹಿಡಿದ್ರ, ಮೂಗಿನಾಗ ಕಪ್ಪು ಸಿಂಬಳ ಬಂದ್ರ, ಹಲ್ಲು ಅಲುಗಾಡಿದ್ರ, ಒಂದು ಎರಡಾಗಿ ಕಂಡ್ರ 'ನಾಳೆ ನೋಡೋಣ' ಅನಬ್ಯಾಡ್ರಿ. ಅವತ್ತೇ ಕಿವಿ-ಮೂಗು-ಗಂಟಲಿನ ಡಾಕ್ಟರ್ ಹತ್ರ ಕರಕೊಂಡು ಹೋಗ್ರಿ. ಮೂಗಿನ ಸ್ಯಾಂಪಲ್ ಸೂಕ್ಷ್ಮದರ್ಶಕದಾಗ ನೋಡಿದ್ರ ಸುಳಿವು ಬೇಗ ಸಿಗ್ತದ. ಹಳೇ ಚೀಟಿ ತೋರಿಸಿ ಸ್ಟೀರಾಯ್ಡ್ ಗುಳಿಗಿ ತರಬ್ಯಾಡ್ರಿ. ಡಾಕ್ಟರ್ ಕೊಟ್ಟಿದ್ದನ್ನ ನೀವಾಗೇ ನಿಲ್ಲಿಸಲೂ ಬ್ಯಾಡ್ರಿ.

ಲೈಕ್ ಬಿಡ್ರಿ, ಇದನ್ನ ನಿಮ್ಮ ಮನಿ ಗ್ರೂಪಿಗೆ ಕಳಸ್ರಿ. 🙏

#ಕೆಂಭಾವಿ #ಯಾದಗಿರಿ #ನಮ್ಮಇತಿಹಾಸ