ಬಿದನೂರಿನ ರಾಣಿಯೂ ನಮ್ಮ ಹಿರಿಯರ ಗದ್ದೆಗಳೂ

ಮೊಂತಿ ಹಬ್ಬದಂದು ಇಗರ್ಜಿಯಲ್ಲಿ ಆಶೀರ್ವದಿಸಿದ ತೆನೆಯನ್ನು ಮನೆಗೆ ತಂದು, ಅದರ ಹೊಸ ಕಾಳುಗಳನ್ನು ಹಾಲಿಗೋ ಪಾಯಸಕ್ಕೋ ಬೆರೆಸಿ ಮನೆಮಂದಿಯೆಲ್ಲ ಒಟ್ಟಾಗಿ ಉಣ್ಣುತ್ತೇವೆ. ಫರಂಗಿಪೇಟೆಯ ಮೊಂತೆ ಮರಿಯಾನೊದಲ್ಲಿ ವಂದನೀಯ ಜೋಕಿಂ ಮಿರಾಂದಾರು 1763ರಲ್ಲಿ ಈ ಹಬ್ಬವನ್ನು ಆರಂಭಿಸಿದರೆಂದು ಹಿರಿಯರು ಹೇಳುತ್ತಾರೆ. ಅದೇ ವರ್ಷ ಈ ನಾಡಿನ ಒಡೆತನವೇ ಕೈಬದಲಾಯಿತು.

ಆಗ ಮಂಗಳೂರು ಬಿದನೂರಿನ ಕೆಳದಿ ಅರಸರದು. ಗೋವೆಯಿಂದ ವಲಸೆ ಬಂದ ನಮ್ಮ ಪೂರ್ವಿಕರು ಒಳ್ಳೆಯ ಬೇಸಾಯಗಾರರೆಂದು ಅವರಿಗೆ ಇಲ್ಲಿ ನೆಲೆ ಸಿಕ್ಕಿತು. ಬಿಷಪ್ ತೋಮಸ್ ದೆ ಕಾಸ್ತ್ರೊ 1680ರಲ್ಲಿ ಮಿಲಾಗ್ರಿಸ್ ಇಗರ್ಜಿ ಕಟ್ಟಿಸಿದ್ದು ರಾಣಿ ಚೆನ್ನಮ್ಮಾಜಿಯ ಕಾಲದಲ್ಲೇ.

ಆ ಮನೆತನದ ಕೊನೆಯ ರಾಣಿ ವೀರಮ್ಮಾಜಿ. ಗಂಡ ಬಸಪ್ಪ ನಾಯಕ 1755ರಲ್ಲಿ ತೀರಿಕೊಂಡ. ದತ್ತುಪುತ್ರ ಚೆನ್ನಬಸಪ್ಪ 1757ರಲ್ಲಿ ಇಲ್ಲವಾದ. ಅವನನ್ನು ರಾಣಿಯೇ ಕೊಲ್ಲಿಸಿದಳೆಂಬ ಮಾತು ಹುಟ್ಟಿತು. ರಾಜ್ಯವಾಳುವ ವಿಧವೆಯ ಮೇಲೆ ಇಂಥ ಮಾತು ಹಬ್ಬಲು ಎಷ್ಟು ಹೊತ್ತು ಬೇಕು? ನಾನೇ ಆ ಚೆನ್ನಬಸಪ್ಪ ಎಂದು ಒಬ್ಬ ಯುವಕ ಮುಂದೆ ಬಂದ. ಅವನಿಗೆ ಪಟ್ಟ ಕೊಡಿಸುವ ನೆಪದಲ್ಲಿ ಹೈದರಾಲಿ ದಂಡೆತ್ತಿ ಬಂದ. ಕೊಲೆಯ ಮಾತನ್ನು ನಂಬುವ ಮೊದಲು ಇದನ್ನೂ ನೆನೆಯಬೇಕು, ಏಕೆಂದರೆ ಕೊಲೆಯಾದವನೇ ಎದ್ದು ಬಂದದ್ದು ಹೇಗೆ?

ರಾಣಿ ಲಕ್ಷಗಟ್ಟಲೆ ಹಣ ಕೊಡುತ್ತೇನೆಂದಳು. ಹೈದರ ಒಪ್ಪಲಿಲ್ಲ. ಕುಂಸಿಯಲ್ಲಿ ಸೆರೆಯಲ್ಲಿದ್ದ ಹಳೆಯ ಮಂತ್ರಿ ಲಿಂಗಣ್ಣ ಅವನಿಗೆ ಕಾಡಿನ ಗುಪ್ತ ದಾರಿ ತೋರಿಸಿದ. ರಾಣಿ ಅರಮನೆಗೆ ಬೆಂಕಿ ಇಡಿಸಿ ಬಲ್ಲಾಳರಾಯನದುರ್ಗಕ್ಕೆ ಓಡಿದಳು. ಆದರೂ ಸಿಕ್ಕಿಬಿದ್ದು ದತ್ತುಮಗ ಸೋಮಶೇಖರನೊಂದಿಗೆ ಮಧುಗಿರಿಯ ಕೋಟೆಯಲ್ಲಿ ಬಂದಿಯಾದಳು. ಪಟ್ಟ ಬಯಸಿ ಬಂದ ಯುವಕನಿಗೂ ಪಟ್ಟ ಸಿಗಲಿಲ್ಲ! ಬಿದನೂರಿನ ಕೊಳ್ಳೆ 1 ಕೋಟಿ 20 ಲಕ್ಷ ಪೌಂಡಿನಷ್ಟಿತ್ತೆಂದು ವಿಲ್ಕ್ಸ್ ಬರೆದಿದ್ದಾನೆ. ನನಗಂತೂ ಅದು ಹೆಚ್ಚೆನಿಸುತ್ತದೆ. ಆದರೆ ತನ್ನ ಏಳಿಗೆಗೆ ಬಿದನೂರೇ ಬುನಾದಿ ಎಂದು ಹೈದರನೇ ಹೇಳುತ್ತಿದ್ದನಂತೆ. ಮಂಗಳೂರು ಅವನ ನೌಕಾಪಡೆಯ ಬಂದರಾಯಿತು.

1767ರಲ್ಲಿ ಪೇಶ್ವೆ ಮಾಧವರಾಯ ಮಧುಗಿರಿಯನ್ನು ಗೆದ್ದು ರಾಣಿಯನ್ನು ಬಿಡಿಸಿದ. ಆಕೆ ಪುಣೆ ತಲುಪಲಿಲ್ಲ, ದಾರಿಯಲ್ಲೇ ಕಣ್ಣುಮುಚ್ಚಿದಳು.

ಸೆರೆವಾಸ ನಮ್ಮವರ ಪಾಲಿಗೂ ಬಂತು. 1784ರ ವಿಭೂತಿ ಬುಧವಾರ ಟಿಪ್ಪು ಸುಲ್ತಾನನ ಆಜ್ಞೆಯಂತೆ ಕರಾವಳಿಯ ಕ್ರೈಸ್ತರನ್ನು ಹಿಡಿದು ಶ್ರೀರಂಗಪಟ್ಟಣಕ್ಕೆ ನಡೆಸಿದರು. ಮಿಲಾಗ್ರಿಸ್ ಇಗರ್ಜಿ ನೆಲಸಮವಾಯಿತು. 1799ರ ನಂತರ ಬದುಕಿ ಮರಳಿದವರಲ್ಲಿ ಅನೇಕರು ತಮ್ಮ ಗದ್ದೆಗಳನ್ನು ಬೇರೆಯವರ ಕೈಯಲ್ಲಿ ಕಂಡರು. ಮಿಲಾಗ್ರಿಸ್ ಮತ್ತೆ ಎದ್ದದ್ದು 1811ರಲ್ಲಿ.