ರೇಸ್ ನೋಟಕ್ಕೆ ದುಡ್ಡು ತೆರುವವರು ಯಾರು?

2011ರ ಜುಲೈ 29ರಂದು ಬ್ರಿಟನ್ನಿನ ಸಾರ್ವಜನಿಕ ಪ್ರಸಾರ ಸಂಸ್ಥೆ ಬಿಬಿಸಿ ಒಂದು ಪ್ರಕಟಣೆ ಹೊರಡಿಸಿತು. ಹಂಗೆರಿ ಗ್ರ್ಯಾನ್ ಪ್ರಿ ಕಾರ್ ರೇಸಿಗೆ ಇನ್ನೆರಡೇ ದಿನ ಉಳಿದಿತ್ತು. ಮರುವರ್ಷದಿಂದ ಫಾರ್ಮುಲಾ ಒನ್ ರೇಸುಗಳಲ್ಲಿ ಅರ್ಧದಷ್ಟನ್ನು ಮಾತ್ರ ಬಿಬಿಸಿ ನೇರವಾಗಿ ತೋರಿಸುತ್ತದೆ. ಎಲ್ಲವನ್ನೂ ನೇರವಾಗಿ ನೋಡಬೇಕೆನ್ನುವವರು ಸ್ಕೈ ವಾಹಿನಿಗೆ ಚಂದಾ ಕಟ್ಟಬೇಕು ಎಂಬುದು ಅದರ ಸಾರ. ಅಭಿಮಾನಿಗಳು ಸಿಟ್ಟಿಗೆದ್ದರು. ಮೂರು ದಶಕಗಳಿಂದ ಗುಂಡಿ ಒತ್ತಿದರೆ ಸಾಕು, ಮನೆಯೊಳಗೆ ಬರುತ್ತಿದ್ದ ರೇಸಿಗೆ ಈಗ ಬಾಗಿಲಲ್ಲೇ ಟಿಕೆಟ್ ಕೇಳುವವರು ಬಂದು ನಿಂತಂತಾಗಿತ್ತು.

ಅವರ ಸಿಟ್ಟಿನಲ್ಲಿ ನ್ಯಾಯವಿತ್ತು. ಆದರೆ ಅದುವರೆಗೆ ರೇಸಿನ ನೋಟ ನಿಜಕ್ಕೂ ಬಿಟ್ಟಿಯಾಗಿತ್ತೇ? ಯಾರಾದರೊಬ್ಬರು ಅದರ ಬೆಲೆ ತೆರುತ್ತಲೇ ಇದ್ದರು. ಆ ಬೆಲೆ ತೆರುವವರು ಕಾಲಕಾಲಕ್ಕೆ ಬದಲಾದದ್ದೇ ಕಾರ್ ರೇಸ್ ಪ್ರಸಾರದ ಇತಿಹಾಸ.

ಕಾರೇ ಜಾಹೀರಾತು ಫಲಕ

ಫಾರ್ಮುಲಾ ಒನ್ ವಿಶ್ವ ಚಾಂಪಿಯನ್‌ಷಿಪ್ಪಿನ ಮೊದಲ ರೇಸ್ ನಡೆದದ್ದು 1950ರ ಮೇ 13ರಂದು, ಇಂಗ್ಲೆಂಡಿನ ಸಿಲ್ವರ್‌ಸ್ಟೋನಿನಲ್ಲಿ. ಎರಡನೆಯ ಮಹಾಯುದ್ಧದಲ್ಲಿ ಬಳಕೆಯಾಗಿದ್ದ ವಿಮಾನ ನಿಲ್ದಾಣವೇ ಅಲ್ಲಿ ರೇಸಿನ ಪಥವಾಗಿತ್ತು. ಆ ದಿನಗಳಲ್ಲಿ ಕಾರುಗಳಿಗೆ ದೇಶದ ಬಣ್ಣವಿರುತ್ತಿತ್ತು. ಇಟಲಿಗೆ ಕೆಂಪು, ಬ್ರಿಟನ್ನಿಗೆ ಹಸಿರು, ಫ್ರಾನ್ಸಿಗೆ ನೀಲಿ.

ಈ ಬಣ್ಣಗಳನ್ನು ಅಳಿಸಿದ್ದು ಸಿಗರೇಟು. 1965ರಲ್ಲಿ ಬ್ರಿಟನ್ ಟೆಲಿವಿಷನ್ನಿನಲ್ಲಿ ಸಿಗರೇಟಿನ ಜಾಹೀರಾತನ್ನು ನಿಷೇಧಿಸಿತು. ಕಂಪನಿಗಳ ಕೈಯಲ್ಲಿ ಹಣವಿತ್ತು, ಖರ್ಚು ಮಾಡಲು ದಾರಿ ಬೇಕಿತ್ತು. 1968ರಲ್ಲಿ ಕಾಲಿನ್ ಚಾಪ್ಮನ್ ಅವರ ಲೋಟಸ್ ತಂಡದ ಕಾರುಗಳು ಹಸಿರು ಬಣ್ಣ ಕಳಚಿ ಗೋಲ್ಡ್ ಲೀಫ್ ಸಿಗರೇಟು ಪೊಟ್ಟಣದ ಕೆಂಪು, ಬಿಳಿ, ಬಂಗಾರದ ಬಣ್ಣ ಧರಿಸಿದವು. 1970ರ ದಶಕದಲ್ಲಿ ಅದೇ ತಂಡ ಜಾನ್ ಪ್ಲೇಯರ್ ಕಂಪನಿಯ ಕಪ್ಪು-ಬಂಗಾರಕ್ಕೆ ಬದಲಾಯಿತು. ಮೆಕ್‌ಲಾರೆನ್ ತಂಡಕ್ಕೆ ಮಾರ್ಲ್‌ಬರೋ ಬಂತು. ಟೀವಿಯಲ್ಲಿ ಸಿಗರೇಟಿನ ಜಾಹೀರಾತು ತೋರಿಸುವಂತಿರಲಿಲ್ಲ. ಆದರೆ ಸಿಗರೇಟಿನ ಬಣ್ಣ ಬಳಿದ ಕಾರನ್ನು ಬಿಟ್ಟು ರೇಸ್ ತೋರಿಸಲು ಸಾಧ್ಯವಿರಲಿಲ್ಲ!

ಪ್ರಸಾರ ಸಂಸ್ಥೆಗಳಿಗೆ ಇದು ಮುಜುಗರದ ಸಂಗತಿ. 1976ರಲ್ಲಿ ಸರ್ಟೀಸ್ ತಂಡದ ಕಾರಿನ ಮೇಲೆ ಕಾಂಡೋಮ್ ಕಂಪನಿಯೊಂದರ ಹೆಸರು ಕಾಣಿಸಿಕೊಂಡಾಗ ಬಿಬಿಸಿ ಬ್ರ್ಯಾಂಡ್ಸ್ ಹ್ಯಾಚ್‌ನ ರೇಸಿನ ಪ್ರಸಾರದಿಂದಲೇ ಹಿಂದೆ ಸರಿಯಿತು. ಅದೇ ವರ್ಷ ಬ್ರಿಟನ್ನಿನ ಜೇಮ್ಸ್ ಹಂಟ್ ಮತ್ತು ಆಸ್ಟ್ರಿಯಾದ ನಿಕಿ ಲೌಡಾ ನಡುವಣ ಪೈಪೋಟಿ ಜಗತ್ತಿನ ಗಮನ ಸೆಳೆಯಿತು. ಬೆಂಕಿಗೆ ಸಿಕ್ಕಿ ಸಾವಿನ ಬಾಗಿಲು ತಟ್ಟಿ ಬಂದ ಲೌಡಾ ಆರು ವಾರಗಳಲ್ಲಿ ಮತ್ತೆ ಕಾರು ಏರಿದರು. ಜಪಾನಿನ ಫ್ಯೂಜಿಯಲ್ಲಿ, ಸುರಿಯುವ ಮಳೆಯಲ್ಲಿ ನಡೆದ ಕೊನೆಯ ರೇಸಿನಲ್ಲಿ ಹಂಟ್ ಒಂದೇ ಒಂದು ಅಂಕದಿಂದ ಚಾಂಪಿಯನ್ ಆದರು. ಇಂಥ ಕಥೆಯನ್ನು ಯಾವ ಟೀವಿ ಬಿಟ್ಟೀತು? 1978ರಿಂದ ಬಿಬಿಸಿ ‘ಗ್ರ್ಯಾನ್ ಪ್ರಿ’ ಎಂಬ ಕಾರ್ಯಕ್ರಮವನ್ನು ನಿಯಮಿತವಾಗಿ ಆರಂಭಿಸಿತು.

ಒಂದು ಮೈಕು, ಇಬ್ಬರು ಮಾತುಗಾರರು

ಆ ಕಾರ್ಯಕ್ರಮದ ದನಿ ಮರ್‍ರೆ ವಾಕರ್. ನಿವೃತ್ತಿಯ ಬಳಿಕ ಜೇಮ್ಸ್ ಹಂಟ್ ಕೂಡ ವೀಕ್ಷಕ ವಿವರಣೆಗೆ ಬಂದು ಅವರ ಪಕ್ಕದಲ್ಲಿ ಕುಳಿತರು. ಉತ್ಸಾಹ ತಡೆಯಲಾರದೆ ನಿಂತೇ ಮಾತನಾಡುತ್ತಿದ್ದ ವಾಕರ್, ಸಾವಧಾನದಿಂದ ಕುಟುಕುತ್ತಿದ್ದ ಹಂಟ್. ಇಬ್ಬರ ನಡುವೆ ಇದ್ದದ್ದು ಒಂದೇ ಮೈಕು. 1993ರಲ್ಲಿ ಹಂಟ್ ತೀರಿಕೊಳ್ಳುವವರೆಗೂ ಈ ಜೋಡಿ ನಡೆಯಿತು. ಎಂಜಿನ್ನು, ಟೈರುಗಳ ಗಂಧ ಗಾಳಿ ಇಲ್ಲದ ಮನೆಗಳಲ್ಲೂ ರೇಸ್ ಪರಿಚಿತವಾದದ್ದು ಇವರಿಂದ.

ಇದಕ್ಕೆ ವೀಕ್ಷಕರು ತೆತ್ತದ್ದು ಟೀವಿ ಲೈಸೆನ್ಸ್ ಶುಲ್ಕ ಮಾತ್ರ. ನಮ್ಮಲ್ಲೂ ಹಿಂದೆ ರೇಡಿಯೋಗೆ ಲೈಸೆನ್ಸ್ ಇತ್ತೆಂಬುದು ಹಿರಿಯರಿಗೆ ನೆನಪಿರಬಹುದು. ಬ್ರಿಟನ್ನಿನಲ್ಲಿ ಟೀವಿ ನೋಡುವ ಪ್ರತಿ ಮನೆಯೂ ವರ್ಷಕ್ಕೆ ಇಂತಿಷ್ಟು ಕಟ್ಟಬೇಕು. ಬಿಬಿಸಿ ನಡೆಯುವುದು ಆ ಹಣದಿಂದ. ತಂಡಗಳ ದೊಡ್ಡ ಖರ್ಚನ್ನು ಸಿಗರೇಟು ಕಂಪನಿಗಳಂಥ ಪ್ರಾಯೋಜಕರು ಹೊರುತ್ತಿದ್ದರು. ಅವರಿಗೆ ಬೇಕಾಗಿದ್ದದ್ದು ನೋಡುಗರ ಕಣ್ಣು. ನೋಡುವ ಕಣ್ಣುಗಳು ಹೆಚ್ಚಿದಷ್ಟೂ ಕಾರಿನ ಮೈಗೆ ಬೆಲೆ ಹೆಚ್ಚು. ಆದ್ದರಿಂದ ರೇಸ್ ಎಲ್ಲರಿಗೂ ಕಾಣಬೇಕಿತ್ತು. ಆ ಕಾಲದಲ್ಲಿ ನೋಡುಗ ಗ್ರಾಹಕನಾಗಿರಲಿಲ್ಲ. ಪ್ರಾಯೋಜಕರಿಗೆ ಮಾರಾಟವಾಗುತ್ತಿದ್ದ ಸರಕಾಗಿದ್ದ.

ಎಕ್ಲ್‌ಸ್ಟೋನ್ ಲೆಕ್ಕಾಚಾರ

ಇದನ್ನು ಎಲ್ಲರಿಗಿಂತ ಚೆನ್ನಾಗಿ ಅರಿತವರು ಬರ್ನಿ ಎಕ್ಲ್‌ಸ್ಟೋನ್. ಮೋಟಾರು ವಾಹನಗಳ ವ್ಯಾಪಾರಿಯಾಗಿದ್ದ ಅವರು 1970ರ ದಶಕದ ಆರಂಭದಲ್ಲಿ ಬ್ರಾಬಮ್ ತಂಡವನ್ನು ಕೊಂಡು ಮುಂದೆ ತಂಡಗಳ ಸಂಘದ ನಾಯಕರಾದರು. ರೇಸನ್ನು ಟೀವಿಗೆ ಮಾರುವಾಗ ಒಂದು ತೊಡಕಿತ್ತು. ಯಾವ ರೇಸಿಗೆ ಯಾವ ತಂಡ ಬರುತ್ತದೆ ಎಂಬ ಖಾತರಿಯೇ ಇರುತ್ತಿರಲಿಲ್ಲ. 1981ರಲ್ಲಿ ಆದ ‘ಕಾಂಕಾರ್ಡ್ ಒಪ್ಪಂದ’ ಈ ತೊಡಕು ಬಿಡಿಸಿತು. ಪ್ರತಿ ತಂಡವೂ ಪ್ರತಿ ರೇಸಿಗೂ ಬರಲೇಬೇಕು. ಪ್ರಸಾರ ಹಕ್ಕಿನ ವ್ಯವಹಾರ ತಂಡಗಳ ಸಂಘದ ಕೈಯಲ್ಲಿ, ಎಂದರೆ ಎಕ್ಲ್‌ಸ್ಟೋನ್ ಕೈಯಲ್ಲಿ. ಊರೂರಿನ ಸಂಘಟಕರು ಬಿಡಿಬಿಡಿಯಾಗಿ ಮಾರುತ್ತಿದ್ದ ರೇಸುಗಳು ವರ್ಷವಿಡೀ ನಡೆಯುವ ಒಂದೇ ಧಾರಾವಾಹಿಯಾದವು.

ಚಂದಾ ಟೀವಿಯ ಮೊದಲ ಪ್ರಯೋಗವೂ ಅವರದೇ. 1996ರ ಜುಲೈನಲ್ಲಿ ಜರ್ಮನಿಯ ಹಾಕನ್‌ಹೈಮ್ ರೇಸಿನೊಂದಿಗೆ ಡಿಜಿಟಲ್ ಪ್ರಸಾರ ಆರಂಭವಾಯಿತು. ಮಾಧ್ಯಮ ಉದ್ಯಮಿ ಲಿಯೋ ಕಿರ್ಶ್ ಅವರ ಡಿಎಫ್1 ಜಾಲಕ್ಕೆ ಚಂದಾ ಕಟ್ಟಿದವರು ಕಾರಿನೊಳಗಿನ ಕ್ಯಾಮೆರಾ, ಪಿಟ್ ದೃಶ್ಯ, ಸಮಯದ ಪಟ್ಟಿ ಇವುಗಳಲ್ಲಿ ತಮಗೆ ಬೇಕಾದ್ದನ್ನು ಆರಿಸಿಕೊಂಡು ನೋಡಬಹುದಿತ್ತು. ಇಂದಿಗೂ ಸೊಗಸೆನಿಸುವ ವ್ಯವಸ್ಥೆ ಅದು. ಆದರೂ ಸೋತಿತು. ಮೈಕೆಲ್ ಶುಮಾಕರ್ ಗೆಲ್ಲುತ್ತಿದ್ದ ಅವೇ ರೇಸುಗಳು ಪಕ್ಕದ ಆರ್‌ಟಿಎಲ್ ವಾಹಿನಿಯಲ್ಲಿ ಚಂದಾ ಇಲ್ಲದೆ ಬರುತ್ತಿದ್ದವು! ಬ್ರಿಟನ್ನಿನಲ್ಲಿ 2002ರಲ್ಲಿ ರೇಸಿಗೆ 12 ಪೌಂಡಿನಂತೆ ಇದನ್ನು ಮಾರಲು ನೋಡಿದರು. ಆ ವರ್ಷದ ಕೊನೆಗೆ ಅಂಗಡಿ ಮುಚ್ಚಿತು. ಇದರಿಂದ ಕಲಿತ ಪಾಠ ಒಂದೇ. ಬಿಟ್ಟಿ ನೋಟ ಪಕ್ಕದಲ್ಲೇ ಇರುವವರೆಗೆ ಚಂದಾ ನೋಟ ಮಾರಾಟವಾಗದು.

ಜಾಹೀರಾತಿನ ಹನ್ನೆರಡು ವರ್ಷ

1996ರ ಅಕ್ಟೋಬರಿನಲ್ಲಿ ಡೇಮನ್ ಹಿಲ್ ಜಪಾನಿನ ಸುಜುಕಾದಲ್ಲಿ ಚಾಂಪಿಯನ್ ಆದಾಗ ವಾಕರ್ ಅವರ ಗಂಟಲು ಕಟ್ಟಿ ಮಾತು ನಿಂತಿತು. ಬಿಬಿಸಿಯ ಆ ಅವಧಿಯ ಕೊನೆಯ ರೇಸ್ ಕೂಡ ಅದೇ. ಹೆಚ್ಚು ಹಣ ಕೊಟ್ಟ ಐಟಿವಿ 1997ರಿಂದ ಹಕ್ಕು ಪಡೆಯಿತು. ವಾಕರ್ ಕೂಡ ಅಲ್ಲಿಗೆ ಹೋದರು. ಐಟಿವಿಗೂ ಚಂದಾ ಇರಲಿಲ್ಲ. ಆದರೆ ಅದು ಬದುಕುವುದು ಜಾಹೀರಾತಿನಿಂದ. ರೇಸೋ ನಿಲ್ಲದೆ ಓಡುವ ಆಟ. ಕ್ರಿಕೆಟ್ಟಿನಂತೆ ಓವರಿಗೊಮ್ಮೆ ಬಿಡುವಿಲ್ಲ. 2005ರ ಸ್ಯಾನ್ ಮರೀನೊ ಗ್ರ್ಯಾನ್ ಪ್ರಿಯಲ್ಲಿ ಫರ್ನಾಂಡೊ ಅಲಾನ್ಸೊ ಅವರ ಬೆನ್ನಿಗೇ ಶುಮಾಕರ್ ಅಂಟಿಕೊಂಡಿದ್ದರು. ಇನ್ನು ಮೂರೇ ಸುತ್ತು ಉಳಿದಿತ್ತು. ಆಗ ಐಟಿವಿ ಜಾಹೀರಾತಿಗೆ ತಿರುಗಿತು. ಕೊನೆಗೆ ವಾಹಿನಿ ಕ್ಷಮೆ ಕೇಳಬೇಕಾಯಿತು. ಇದು ಕೂಡ ನೋಡುಗ ತೆರುವ ಒಂದು ಬೆಲೆಯೇ.

2008ರ ಬ್ರೆಜಿಲ್ ರೇಸಿನ ಕಟ್ಟಕಡೆಯ ಸುತ್ತಿನಲ್ಲಿ ಲೂಯಿಸ್ ಹ್ಯಾಮಿಲ್ಟನ್ ಮೊದಲ ಬಾರಿ ಚಾಂಪಿಯನ್ ಆದರು. ಅದನ್ನು ಬ್ರಿಟನ್ ಪೂರ್ತಿ ಬಿಟ್ಟಿಯಾಗಿ ಕಂಡಿತು. 2009ರಿಂದ ರೇಸ್ ಮತ್ತೆ ಬಿಬಿಸಿಗೆ ಬಂತು. ಜಾಹೀರಾತಿನ ಕಾಟವೂ ತಪ್ಪಿತು. ನೋಡುಗರ ಪಾಲಿಗೆ ಅದು ಸುಗ್ಗಿ. ಆದರೆ ಸುಗ್ಗಿ ಹೆಚ್ಚು ದಿನ ಉಳಿಯಲಿಲ್ಲ.

ಬೀಗ ಬಿದ್ದ ಬಗೆ

ಎರಡು ಬದಲಾವಣೆಗಳು ಒಟ್ಟಿಗೆ ಸೇರಿದವು. ಒಂದು, ತಂಬಾಕಿನ ನಿರ್ಗಮನ. 2005ರಲ್ಲಿ ಯುರೋಪ್ ಒಕ್ಕೂಟದ ತಂಬಾಕು ಜಾಹೀರಾತು ನಿಷೇಧ ಜಾರಿಗೆ ಬಂದು ಸಿಗರೇಟು ಕಂಪನಿಗಳು ಒಂದೊಂದಾಗಿ ಹೊರನಡೆದವು. ನೋಡುಗರ ಕಣ್ಣನ್ನು ಕೊಳ್ಳುತ್ತಿದ್ದ ಹಳೆಯ ದೊಡ್ಡ ಗಿರಾಕಿ ಕೈಬಿಟ್ಟಂತಾಯಿತು. ಪ್ರಸಾರ ಹಕ್ಕಿನಿಂದ ಬರುವ ಹಣದ ತೂಕ ಹೆಚ್ಚಿತು. ಇನ್ನೊಂದು, ಬಿಬಿಸಿಯ ಬಿಗಿ ಕಿಸೆ. 2010ರಲ್ಲಿ ಸರ್ಕಾರ ಲೈಸೆನ್ಸ್ ಶುಲ್ಕವನ್ನು 145.50 ಪೌಂಡಿಗೇ ಆರು ವರ್ಷ ನಿಲ್ಲಿಸಿತು. ವೆಚ್ಚ ಏರುತ್ತಿತ್ತು, ವರಮಾನ ಏರುವಂತಿರಲಿಲ್ಲ. ದುಬಾರಿ ಕ್ರೀಡೆಗೆ ಕತ್ತರಿ ಬಿತ್ತು.

ಸ್ಕೈ ಇದಕ್ಕೆ ಕಾದೇ ಇತ್ತು. ಚಂದಾ ವಾಹಿನಿಯ ಲೆಕ್ಕವೇ ಬೇರೆ. ಜಾಹೀರಾತು ವಾಹಿನಿಗೆ ಒಂದು ಮಧ್ಯಾಹ್ನ ಎಷ್ಟು ಮಂದಿ ನೋಡಿದರು ಎಂಬುದು ಮುಖ್ಯ. ಚಂದಾ ವಾಹಿನಿಗೆ ಎಷ್ಟು ಮಂದಿ ಮುಂದಿನ ತಿಂಗಳೂ ಹಣ ಕಟ್ಟುತ್ತಾರೆ ಎಂಬುದು ಮುಖ್ಯ. ಮಾರ್ಚಿನಿಂದ ನವೆಂಬರಿನವರೆಗೆ ಹೆಚ್ಚುಕಡಿಮೆ ಹದಿನೈದು ದಿನಕ್ಕೊಮ್ಮೆ ಬರುವ ರೇಸ್ ಇದಕ್ಕೆ ಹೇಳಿ ಮಾಡಿಸಿದ ಸರಕು. 2012ರ ಮಾರ್ಚಿನಲ್ಲಿ ಸ್ಕೈ ಫಾರ್ಮುಲಾ ಒನ್ನಿಗೆಂದೇ ಪ್ರತ್ಯೇಕ ವಾಹಿನಿ ತೆರೆಯಿತು. 2015ರ ಕೊನೆಗೆ ಬಿಬಿಸಿ ಪೂರ್ತಿ ಹೊರಬಂತು. ಅದರ ಜಾಗಕ್ಕೆ ಬಂದ ಚಾನೆಲ್ 4 ಮೂರು ವರ್ಷ ಅರ್ಧದಷ್ಟು ರೇಸುಗಳನ್ನು ನೇರವಾಗಿ ತೋರಿಸಿತು. 2019ರಿಂದ ಬ್ರಿಟಿಷ್ ಗ್ರ್ಯಾನ್ ಪ್ರಿ ಒಂದನ್ನು ಬಿಟ್ಟು ಉಳಿದೆಲ್ಲ ನೇರ ಪ್ರಸಾರ ಸ್ಕೈ ಪಾಲಾಯಿತು, ಉಳಿದವರಿಗೆ ಮುಖ್ಯಾಂಶಗಳು. ಹೀಗಾಗಿ ಹ್ಯಾಮಿಲ್ಟನ್ 2020ರ ನವೆಂಬರಿನಲ್ಲಿ ಏಳನೆಯ ಬಾರಿ ಚಾಂಪಿಯನ್ ಆಗಿ ಶುಮಾಕರ್ ದಾಖಲೆ ಸರಿಗಟ್ಟಿದಾಗ ಅವರ ದೇಶದಲ್ಲೇ ಅದನ್ನು ನೇರವಾಗಿ ಕಂಡವರು ಚಂದಾದಾರರು ಮಾತ್ರ.

ಯುರೋಪಿನ ಉಳಿದೆಡೆಯೂ ಇದೇ ಗಾಳಿ ಬೀಸಿತು. ಫ್ರಾನ್ಸಿನಲ್ಲಿ 2013ರಿಂದ ಕ್ಯಾನಲ್ ಪ್ಲಸ್, ಇಟಲಿಯಲ್ಲಿ ಅದೇ ವರ್ಷದಿಂದ ಸ್ಕೈ. ಜರ್ಮನಿಯಲ್ಲಿ ಮೂವತ್ತು ವರ್ಷ ತೋರಿಸಿದ ಆರ್‌ಟಿಎಲ್ 2020ರ ಕೊನೆಗೆ ಕೈಚೆಲ್ಲಿತು. ಎರಡು ಅಪವಾದಗಳು ಗಮನಾರ್ಹ. ಇಟಲಿ ತನ್ನ ಗ್ರ್ಯಾನ್ ಪ್ರಿಯನ್ನು ಎಲ್ಲರಿಗೂ ಉಚಿತವಾಗಿ ಕಾಣಬೇಕಾದ ಕ್ರೀಡೆಗಳ ಪಟ್ಟಿಗೆ ಕಾನೂನಿನ ಮೂಲಕವೇ ಸೇರಿಸಿತ್ತು. ಹಾಗಾಗಿ ಮೊಂಜಾದ ರೇಸಿಗೆ ಬೀಗ ಬೀಳಲಿಲ್ಲ. ವಿಂಬಲ್ಡನ್ ಫೈನಲ್, ಡರ್ಬಿ ಕುದುರೆ ರೇಸುಗಳನ್ನು ಇಂಥ ಪಟ್ಟಿಯಲ್ಲಿಟ್ಟ ಬ್ರಿಟನ್, ಕಾರ್ ರೇಸನ್ನು ಸೇರಿಸಲಿಲ್ಲ. ಇನ್ನೊಂದು ಅಪವಾದ ಆಸ್ಟ್ರಿಯಾ. ಅಲ್ಲಿ 2021ರಿಂದ ಸರ್ಕಾರಿ ಒಆರ್‌ಎಫ್ ಜೊತೆ ಸರ್ವುಸ್ ಟಿವಿ ರೇಸುಗಳನ್ನು ಚಂದಾ ಇಲ್ಲದೆ ಹಂಚಿಕೊಂಡು ತೋರಿಸಿತು. ಸರ್ವುಸ್ ವಾಹಿನಿಯ ಒಡೆತನ ರೆಡ್ ಬುಲ್ ಪಾನೀಯ ಕಂಪನಿಯದು. ಅದಕ್ಕೆ ರೇಸಿನಲ್ಲಿ ಸ್ವಂತ ತಂಡಗಳಿವೆ. ಪ್ರಾಯೋಜಕನಿಗೆ ಕಣ್ಣುಗಳು ಬೇಕಾದಲ್ಲಿ ಬಾಗಿಲು ಇಂದಿಗೂ ತೆರೆದಿರುತ್ತದೆ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೇ?

ನಮ್ಮಲ್ಲಿ

ಭಾರತದ ಕಥೆ ಕೊಂಚ ಬೇರೆ. ಇಲ್ಲಿ ಫಾರ್ಮುಲಾ ಒನ್ ಮನೆ ಹೊಕ್ಕಿದ್ದು 1990ರ ದಶಕದ ಉಪಗ್ರಹ ವಾಹಿನಿಗಳ ಮೂಲಕ. ಕೇಬಲ್‌ನವರಿಗೆ ತಿಂಗಳಿಗೊಮ್ಮೆ ಕೊಡುವ ಹಣದಲ್ಲೇ ಸಿನಿಮಾ, ಧಾರಾವಾಹಿ, ಕ್ರಿಕೆಟ್ಟಿನ ಜೊತೆ ರೇಸೂ ಸೇರಿ ಬರುತ್ತಿದ್ದುದರಿಂದ ಅದಕ್ಕೆ ಬೇರೆ ಬೆಲೆ ಇದೆ ಎನಿಸಲೇ ಇಲ್ಲ. 2005ರಲ್ಲಿ ನಾರಾಯಣ್ ಕಾರ್ತಿಕೇಯನ್ ಫಾರ್ಮುಲಾ ಒನ್ ಕಣಕ್ಕಿಳಿದ ಮೊದಲ ಭಾರತೀಯರಾದರು. 2008ರಲ್ಲಿ ಬೆಂಗಳೂರಿನ ಉದ್ಯಮಿ ವಿಜಯ್ ಮಲ್ಯ ಅವರ ಫೋರ್ಸ್ ಇಂಡಿಯಾ ತಂಡ ಬಂತು. ಅದರ ಕಾರುಗಳ ಮೇಲೆ ಕಿಂಗ್‌ಫಿಷರ್ ಹೆಸರು ಓಡಿತು. ಮದ್ಯದ ಜಾಹೀರಾತಿಗೆ ಟೀವಿಯಲ್ಲಿ ನಿಷೇಧವಿರುವ ದೇಶದ ಕಂಪನಿಗೂ ಲೋಟಸ್‌ನ ಹಳೆಯ ದಾರಿಯೇ ಕಂಡಿತು. 2011ರಿಂದ 2013ರವರೆಗೆ ಗ್ರೇಟರ್ ನೋಯ್ಡಾದಲ್ಲಿ ಇಂಡಿಯನ್ ಗ್ರ್ಯಾನ್ ಪ್ರಿ ನಡೆಯಿತು.

2022ರೊಂದಿಗೆ ಸ್ಟಾರ್ ಸ್ಪೋರ್ಟ್ಸ್ ಪ್ರಸಾರ ಕೊನೆಗೊಂಡಿತು. 2023ರಲ್ಲಿ ಭಾರತದ ಅಭಿಮಾನಿಗಳು ಫಾರ್ಮುಲಾ ಒನ್ ಸಂಸ್ಥೆಯದೇ ಅಂತರ್ಜಾಲ ಸೇವೆಗೆ ಚಂದಾ ಕಟ್ಟಿ ನೋಡಬೇಕಾಯಿತು. 2024ರಲ್ಲಿ ಫ್ಯಾನ್‌ಕೋಡ್ ಎಂಬ ಸೇವೆಯ ಸರದಿ. ರಾಷ್ಟ್ರೀಯ ಮಹತ್ವದ ಕ್ರೀಡೆಗಳ ಪ್ರಸಾರವನ್ನು ದೂರದರ್ಶನದೊಂದಿಗೆ ಹಂಚಿಕೊಳ್ಳಬೇಕೆಂಬ 2007ರ ಕಾನೂನು ಕ್ರಿಕೆಟ್ಟನ್ನು ಹಳ್ಳಿಯ ಮನೆಗೂ ತಲುಪಿಸಿತು. ವಿದೇಶಗಳಲ್ಲಿ ನಡೆಯುವ ಕಾರ್ ರೇಸಿಗೆ ಅಂಥ ಆಸರೆ ಇಲ್ಲ.

ಲಾಭ ಯಾರದು, ನಷ್ಟ ಯಾರದು?

ಚಂದಾ ನೋಟದಲ್ಲಿ ಲಾಭವೂ ಇದೆ. ರೇಸಿನ ನಡುವೆ ಜಾಹೀರಾತಿಲ್ಲ, ಅಭ್ಯಾಸದ ಸುತ್ತುಗಳೂ ಕಾಣುತ್ತವೆ, ಗಂಟೆಗಟ್ಟಲೆ ವಿಶ್ಲೇಷಣೆ ಸಿಗುತ್ತದೆ. ಫಾರ್ಮುಲಾ ಒನ್‌ನಲ್ಲಿ ಕಾರು ಓಡಿಸಿದ ಚೆನ್ನೈನ ಕರುಣ್ ಚಂದೋಕ್ ಇಂದು ಸ್ಕೈ ವೀಕ್ಷಕರಿಗೆ ತಂತ್ರಗಳನ್ನು ಬಿಡಿಸಿ ಹೇಳುತ್ತಾರೆ. ಮೊದಲೇ ರೇಸಿನ ಹುಚ್ಚು ಹಿಡಿದವರಿಗೆ ಇದು ಹಬ್ಬ.

ನಷ್ಟವಾದದ್ದು ಇನ್ನೂ ಹುಚ್ಚು ಹಿಡಿಯದವರಿಗೆ. ಏನೋ ನೋಡುತ್ತಾ ಕುಳಿತ ಹುಡುಗಿಯೊಬ್ಬಳ ಕಣ್ಣಿಗೆ ಆಕಸ್ಮಿಕವಾಗಿ ರೇಸ್ ಬಿದ್ದು, ಅವಳು ಎದ್ದು ಹೋಗಲಾರದೆ ಉಳಿದುಬಿಡುವ ಸಾಧ್ಯತೆ ಬಿಟ್ಟಿ ಟೀವಿಯಲ್ಲಿ ಮಾತ್ರ ಇತ್ತು. ಗೊತ್ತಿಲ್ಲದ ಆಟಕ್ಕೆ ಯಾರೂ ಮುಂಗಡ ಹಣ ಕಟ್ಟುವುದಿಲ್ಲ.

ಇದು ಮಾರುವವರಿಗೂ ತಿಳಿಯದ್ದೇನಲ್ಲ. 2017ರಲ್ಲಿ ಕ್ರೀಡೆಯ ಒಡೆತನ ಪಡೆದ ಅಮೆರಿಕದ ಲಿಬರ್ಟಿ ಮೀಡಿಯಾ ಹೊಸಬರನ್ನು ಸೆಳೆಯಲು 2019ರಿಂದ ನೆಟ್‌ಫ್ಲಿಕ್ಸ್‌ನಲ್ಲಿ ತೆರೆಮರೆಯ ಕಥೆಗಳ ಸರಣಿಯನ್ನೇ ತಂದಿತು. ಅದಕ್ಕೂ ಚಂದಾ ಬೇಕು! 2021ರ ಡಿಸೆಂಬರಿನಲ್ಲಿ ಹ್ಯಾಮಿಲ್ಟನ್ ಮತ್ತು ಮ್ಯಾಕ್ಸ್ ವರ್ಸ್ಟಾಪನ್ ಸಮಾನ ಅಂಕಗಳೊಂದಿಗೆ ಅಬುಧಾಬಿಯ ಕೊನೆಯ ರೇಸಿಗೆ ಇಳಿದಾಗ ಸ್ಕೈ ಒಂದೇ ಒಂದು ದಿನದ ಮಟ್ಟಿಗೆ ನೇರ ಪ್ರಸಾರವನ್ನು ಚಾನೆಲ್ 4ರೊಂದಿಗೆ ಹಂಚಿಕೊಂಡಿತು. ಆ ಬಿಟ್ಟಿ ವಾಹಿನಿಯಲ್ಲಿ ಗರಿಷ್ಠ 44 ಲಕ್ಷ ಮಂದಿ ನೋಡಿದರು. ಬೀಗ ತೆಗೆದ ಒಂದು ದಿನ ಹೊರಗೆ ಎಷ್ಟು ಜನ ಕಾದು ನಿಂತಿದ್ದರೆಂಬುದು ಕಂಡಿತು.